ಪೇಠೆಯ ಮಾತು: ಕಿರ್ದಿ ಮನೆಯಲ್ಲಿ, ಚೀಟಿ ಕಿಸೆಯಲ್ಲಿ



‘ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು’ ಎಂಬ ಗಾದೆಯನ್ನು ಕೇಳುತ್ತ ಬೆಳೆದವರು ನಾವು. ಮುತ್ತಿನ ವಿಷಯ ಇಂದಿಗೂ ಹಾಗೆಯೇ ಇದೆ. ಮಾತಿನ ವಿಷಯ ಮಾತ್ರ ಬದಲಾಗಿದೆ. ಫಿಲಿಪ್ಸ್ ಕಂಪನಿಯವರು 1963ರಲ್ಲಿ ಹೊರತಂದ ಕ್ಯಾಸೆಟ್ಟು ಮುಂದೆ ನಮ್ಮ ಸಾಂಗಲಿ-ಮಿರಜ ಭಾಗದ ಮನೆಗಳನ್ನೂ ಹೊಕ್ಕಿತು. ಅಂದಿನಿಂದ ಎಷ್ಟೋ ಮನೆಗಳಲ್ಲಿ ಅಜ್ಜಿಯ ಜೋಗುಳ, ಮದುವೆಯಲ್ಲಿ ಬೀಗರಿಗೆ ಹಾಡಿದ ಹಾಡು, ಚಾತುರ್ಮಾಸದ ಪ್ರವಚನ, ಹಿರಿಯರು ಹೇಳಿದ ಮನೆತನದ ಕಥೆ ಎಲ್ಲವೂ ಆ ಕಂದು ಬಣ್ಣದ ಪಟ್ಟಿಯಲ್ಲಿ ಕೂತಿವೆ. ಈಗ ಕ್ಯಾಸೆಟ್ಟು ನುಡಿಸುವ ಯಂತ್ರ ಅಪರೂಪ, ಅದನ್ನು ರಿಪೇರಿ ಮಾಡುವವರು ಇನ್ನೂ ಅಪರೂಪ.

ಆದ್ದರಿಂದ ಕೆಲವರು ನಮ್ಮನ್ನು ಕೇಳುತ್ತಿದ್ದಾರೆ: ‘ಹಳೆಯ ಕ್ಯಾಸೆಟ್ಟುಗಳನ್ನು ಕಿಸೆಯಲ್ಲಿ ಹಿಡಿಯುವ ಸಣ್ಣ ಪ್ಲೇಯರಿಗೋ ಮೊಬೈಲಿಗೋ ಹಾಕಿಸಬೇಕೆಂದಿದ್ದೇವೆ. ಅಂಗಡಿಯವರು ಎಂಪಿ3 ಎನ್ನುತ್ತಾರೆ, ಮೊಮ್ಮಗ ಫ್ಲ್ಯಾಕ್ ಎನ್ನುತ್ತಾನೆ, ಮತ್ತೊಬ್ಬರು ವೇವ್ ಎನ್ನುತ್ತಾರೆ. ಯಾವುದು ಸರಿ?’ ನಾವು ಮ್ಯಾಟ್ರಿಕ್ ಮುಗಿಸಿ ತಕ್ಕಡಿ ಹಿಡಿದವರು, ಇಂಜಿನಿಯರರಲ್ಲ. ಆದರೆ ಮಾಲು ಯಾವುದು, ತೂಕವೆಷ್ಟು, ಯಾವುದನ್ನು ಕೊಟ್ಟರೆ ಮರಳಿ ಬರುವುದಿಲ್ಲ ಎಂಬ ಲೆಕ್ಕ ವ್ಯಾಪಾರಿಗೆ ತಿಳಿಯುತ್ತದೆ. ಇದೂ ಅದೇ ಲೆಕ್ಕವೇ ಆಗಿದೆ.

ನಮ್ಮ ಅಂಗಡಿಗಳಲ್ಲಿ ಕಿರ್ದಿ ಉಂಟು, ಚೀಟಿಯೂ ಉಂಟು. ದಿನದ ಜಮಾ-ಖರ್ಚನ್ನು ಪೈಸೆಗೆ ಪೈಸೆ ಕಿರ್ದಿಯಲ್ಲಿ ಬರೆಯುತ್ತೇವೆ. ವಸೂಲಿಗೆಂದು ಹಳ್ಳಿಗೆ ಹೊರಟಾಗ ಕಿರ್ದಿಯನ್ನು ಹೊತ್ತು ಹೋಗುವುದಿಲ್ಲ. ಬೇಕಾದ ನಾಲ್ಕು ಹೆಸರು, ನಾಲ್ಕು ಅಂಕೆ ಚೀಟಿಯಲ್ಲಿ ಬರೆದು ಕಿಸೆಯಲ್ಲಿ ಇಟ್ಟುಕೊಳ್ಳುತ್ತೇವೆ. ಚೀಟಿ ಮಳೆಯಲ್ಲಿ ತೊಯ್ದರೆ ಚಿಂತೆಯಿಲ್ಲ, ಕಿರ್ದಿ ನೋಡಿ ಇನ್ನೊಂದು ಬರೆದೇವು. ಆದರೆ ಚೀಟಿ ನೋಡಿ ಕಿರ್ದಿ ಬರೆಯಲು ಎಂಥ ಜಾಣ ಗುಮಾಸ್ತನಿಗೂ ಆಗದು. ಧ್ವನಿಯ ಫೈಲುಗಳಲ್ಲಿಯೂ ಈ ಎರಡೇ ಜಾತಿ. ವೇವ್ ಮತ್ತು ಫ್ಲ್ಯಾಕ್ ಕಿರ್ದಿಯ ಜಾತಿ. ಎಂಪಿ3, ಎಎಸಿ ಮುಂತಾದವು ಚೀಟಿಯ ಜಾತಿ. ‘ಯಾವುದು ಸರಿ’ ಎಂದರೆ ಎರಡೂ ಸರಿ, ತಮ್ಮ ತಮ್ಮ ಜಾಗದಲ್ಲಿ.

ಈಗ ಸ್ವಲ್ಪ ವಿವರ ನೋಡೋಣ. ಡಿಜಿಟಲ್ ಎಂದರೆ ಧ್ವನಿಯನ್ನು ಅಂಕೆಗಳಲ್ಲಿ ಬರೆದಿಡುವುದು. 1982ರಲ್ಲಿ ಪೇಠೆಗೆ ಬಂದ ಸಿ.ಡಿ.ಯ ಪದ್ಧತಿ ಹೀಗಿದೆ: ಒಂದು ಸೆಕೆಂಡಿನಲ್ಲಿ 44,100 ಸಲ ಧ್ವನಿಯ ಅಲೆಯನ್ನು ಅಳೆಯುವುದು, ಪ್ರತಿ ಅಳತೆಯನ್ನು 16 ಬಿಟ್ಟಿನ ಅಂಕೆಯಾಗಿ ಬರೆಯುವುದು, ಅದನ್ನೂ ಎಡ-ಬಲ ಎಂದು ಎರಡು ಸಾಲಾಗಿ ಬರೆಯುವುದು. ಹೀಗೆ ಬರೆದರೆ ಒಂದು ನಿಮಿಷಕ್ಕೆ ಹತ್ತು ಎಂ.ಬಿ.ಗಿಂತ ತುಸು ಹೆಚ್ಚು, ಒಂದು ತಾಸಿಗೆ ಸುಮಾರು 635 ಎಂ.ಬಿ. ಜಾಗ ಬೇಕು. ಈ ಅಂಕೆಗಳನ್ನು ಇದ್ದ ಹಾಗೆಯೇ ತುಂಬಿಟ್ಟ ಫೈಲು ವೇವ್.

ಫ್ಲ್ಯಾಕ್ ಎಂಬುದು ಹತ್ತಿಯನ್ನು ಪ್ರೆಸ್ಸಿನಲ್ಲಿ ಒತ್ತಿ ಅಂಡಿಗೆ ಕಟ್ಟಿದಂತೆ. ಜಾಗ ಕಡಿಮೆಯಾಗುತ್ತದೆ, ತೂಕ ಕಡಿಮೆಯಾಗುವುದಿಲ್ಲ. ಬಿಚ್ಚಿದರೆ ಮೊದಲಿನ ಹತ್ತಿಯೇ, ಒಂದು ಎಳೆಯೂ ಹೋಗಿರುವುದಿಲ್ಲ. ಸಾಮಾನ್ಯವಾಗಿ ವೇವಿನ ಅರ್ಧದಷ್ಟು ಅಥವಾ ಅದಕ್ಕಿಂತ ತುಸು ಹೆಚ್ಚು ಜಾಗ ಹಿಡಿಯುತ್ತದೆ. ಇದನ್ನು ರೂಪಿಸಿದವರು ಜೋಶ್ ಕೋಲ್ಸನ್ ಎಂಬವರು. 2001ರಲ್ಲಿ ಮೊದಲ ಪೂರ್ಣ ಆವೃತ್ತಿ ಬಂತು. ಯಾರಿಗೂ ಹಣ ಕೊಡಬೇಕಿಲ್ಲ, ಗುಟ್ಟೂ ಇಲ್ಲ, ಎಲ್ಲರಿಗೂ ತೆರೆದದ್ದು. ಐವತ್ತು ವರ್ಷ ಇಡಬೇಕಾದ ವಸ್ತುವಿಗೆ ಇದು ದೊಡ್ಡ ಗುಣ. ಬೀಗದ ಕೈ ಬೇರೆಯವರಲ್ಲಿದ್ದರೆ ಪೆಟ್ಟಿಗೆ ನಮ್ಮದಾದರೂ ಪ್ರಯೋಜನವೇನು?

ಎಂಪಿ3 ಮಾಡುವ ಕೆಲಸವೇ ಬೇರೆ. ಅದು ಅಂಡಿಗೆಯಲ್ಲ, ಸಾಣಿಗೆ. 1980ರ ದಶಕದಲ್ಲಿ ಜರ್ಮನಿಯಲ್ಲಿ ಕಾರ್ಲ್‌ಹೈಂಜ್ ಬ್ರಾಂಡೆನ್‌ಬುರ್ಗ್ ಮತ್ತು ಫ್ರೌನ್‌ಹೋಫರ್ ಸಂಸ್ಥೆಯ ಸಂಗಡಿಗರು ಮನುಷ್ಯನ ಕಿವಿಯ ದೌರ್ಬಲ್ಯವನ್ನೇ ಹಿಡಿದು ಇದನ್ನು ಕಟ್ಟಿದರು. ಡೊಳ್ಳು ಬಾರಿಸುತ್ತಿರುವಾಗ ಪಕ್ಕದವರ ಪಿಸುಮಾತು ಕೇಳಿಸುವುದಿಲ್ಲವಷ್ಟೆ. ಕೇಳಿಸದ ಪಿಸುಮಾತನ್ನು ಬರೆದಿಡುವುದೇಕೆ ಎಂಬುದೇ ಇದರ ಯುಕ್ತಿ. ದೊಡ್ಡ ಧ್ವನಿಯ ಮರೆಯಲ್ಲಿ ನಿಂತ ಸಣ್ಣ ಧ್ವನಿಯನ್ನು ಬಿಡುತ್ತ ಹೋದರೆ ಹತ್ತು ಎಂ.ಬಿ.ಯ ನಿಮಿಷ ಒಂದು ಎಂ.ಬಿ.ಗೆ ಇಳಿಯುತ್ತದೆ. ಆದರೆ ಸಾಣಿಗೆಯ ಕೆಳಗೆ ಬಿದ್ದದ್ದು ಬಿದ್ದೇ ಹೋಯಿತು. ಎಂಪಿ3 ಫೈಲನ್ನು ಮತ್ತೆ ಫ್ಲ್ಯಾಕ್ ಮಾಡಿದರೆ ಫೈಲು ದಪ್ಪವಾಗುತ್ತದೆಯೇ ಹೊರತು ಧ್ವನಿ ಮರಳುವುದಿಲ್ಲ. ನೀರು ಬೆರೆತ ಹಾಲನ್ನು ಬೆಳ್ಳಿಯ ತಂಬಿಗೆಗೆ ಸುರಿದರೆ ಹಾಲು ಗಟ್ಟಿಯಾದೀತೇ?

ಇಲ್ಲಿ ಒಂದು ಸಂಗತಿಯನ್ನು ಹೇಳಲೇಬೇಕು. ಆ ಜರ್ಮನ್ ಇಂಜಿನಿಯರರಿಗೆ ವಾದ್ಯಮೇಳ ಅಷ್ಟು ತೊಂದರೆ ಕೊಡಲಿಲ್ಲ. ಅಮೆರಿಕದ ಗಾಯಕಿ ಸುಜಾನ್ ವೇಗಾ ಯಾವ ವಾದ್ಯವೂ ಇಲ್ಲದೆ ಹಾಡಿದ ಒಂದು ಹಾಡು ತೊಂದರೆ ಕೊಟ್ಟಿತು. ಹೆಣ್ಣುಮಗಳ ಬರಿಯ ಕಂಠಕ್ಕೆ ಮರೆಯಾಗಲು ಡೊಳ್ಳು ಇರಲಿಲ್ಲ. ಮೊದಲ ಪ್ರಯೋಗಗಳಲ್ಲಿ ಆ ಹಾಡು ಕೆಟ್ಟು ಕೇಳಿಸಿತು. ಅದನ್ನೇ ಮತ್ತೆ ಮತ್ತೆ ಕೇಳಿ ಅವರು ಲೆಕ್ಕವನ್ನು ತಿದ್ದಿಕೊಂಡರು. ನಮ್ಮ ಮನೆಯ ಕ್ಯಾಸೆಟ್ಟುಗಳಲ್ಲಿ ಇರುವುದು ಇದೇ ಅಲ್ಲವೇ? ತೊಟ್ಟಿಲ ಪಕ್ಕ ಕೂತು ಹಾಡಿದ ಒಂಟಿ ಕಂಠ. ಸಾಣಿಗೆಗೆ ಅತ್ಯಂತ ಕಷ್ಟದ ಮಾಲು ಅದೇ.

ಮಿರಜದ ನಮ್ಮ ಪರಿಚಯದ ಒಂದು ಕುಟುಂಬದವರು ಹನ್ನೊಂದು ಕ್ಯಾಸೆಟ್ಟುಗಳನ್ನು ಒಂದು ಅಂಗಡಿಗೆ ಕೊಟ್ಟು ಪೆನ್ ಡ್ರೈವ್ ಮಾಡಿಸಿದರು. ಅಂಗಡಿಯವರು ಕೇಳದೆಯೇ ತೀರ ಸಣ್ಣ ಅಳತೆಯ ಎಂಪಿ3 ಮಾಡಿಕೊಟ್ಟರು. ಮನೆಯವರು ಕೆಲಸವಾಯಿತೆಂದು ಕ್ಯಾಸೆಟ್ಟುಗಳನ್ನು ಗುಜರಿಗೆ ಹಾಕಿದರು. ಎರಡು ವರ್ಷದ ಮೇಲೆ ಪುಣೆಯಲ್ಲಿರುವ ಮೊಮ್ಮಗಳು, ತನ್ನ ಕೂಸಿಗೆ ಹಾಡಲೆಂದು, ಮುತ್ತಜ್ಜಿಯ ಜೋಗುಳ ಕಲಿಯಲು ಕೂತಳು. ನೀರಿನೊಳಗಿನಿಂದ ಹಾಡಿದಂತೆ ಕೇಳುತ್ತಿತ್ತು. ಸಕಾರ-ಶಕಾರಗಳಂಥ ಸಣ್ಣ ಉಚ್ಚಾರಗಳು ಧ್ವನಿಯ ಮೇಲಿನ ಪದರದಲ್ಲಿ ಇರುತ್ತವೆ. ಸಾಣಿಗೆ ಅವನ್ನೇ ಮೊದಲು ತಿನ್ನುತ್ತದೆ. ಸಾಲುಗಳಲ್ಲಿ ನಾಲ್ಕು ಕಡೆ ಶಬ್ದ ಯಾವುದೆಂದೇ ತಿಳಿಯಲಿಲ್ಲ. ಕೇಳೋಣವೆಂದರೆ ಆ ಕನ್ನಡ ಬಲ್ಲ ಹಿರಿಯರು ಮನೆಯಲ್ಲಿ ಉಳಿದಿಲ್ಲ, ಮನೆಯ ಮಾತು ಈಗ ಮರಾಠಿ. ಆಕೆ ನಾಲ್ಕು ಶಬ್ದಗಳನ್ನು ಖಾಲಿ ಬಿಟ್ಟು ಹಾಡು ಬರೆದುಕೊಂಡಿದ್ದಾಳೆ. ಆ ಖಾಲಿ ಜಾಗವನ್ನು ತುಂಬಲು ಈಗ ಯಾವ ದುಡ್ಡಿನಿಂದಲೂ ಆಗದು.

ಹಾಗೆಂದು ಎಂಪಿ3ಯನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಸಣ್ಣದರಲ್ಲಿಯೂ ಶಕ್ತಿಯುಂಟು. ಮಿರಜದಲ್ಲಿ ನೆಲೆಸಿ, 1937ರಲ್ಲಿ ತೀರಿಕೊಂಡು, ಅಲ್ಲಿಯ ಮೀರಾಸಾಹೇಬ ದರ್ಗಾದ ಆವರಣದಲ್ಲಿಯೇ ಮಣ್ಣಾದ ಅಬ್ದುಲ್ ಕರೀಮ್ ಖಾನ್ ಸಾಹೇಬರು ತಾಸುಗಟ್ಟಲೆ ಹಾಡುವವರು. ಅಂದಿನ ಗ್ರಾಮಾಫೋನ್ ತಟ್ಟೆ ಹಿಡಿಯುತ್ತಿದ್ದದ್ದು ಒಂದು ಮಗ್ಗುಲಿಗೆ ಮೂರು ಚಿಲ್ಲರೆ ನಿಮಿಷ. ಅಷ್ಟರಲ್ಲಿಯೇ ಅವರು ಭೈರವಿ, ಝಿಂಝೋಟಿಗಳನ್ನು ಕೊಟ್ಟು ಹೋದರು. ಗದಗಿನ ಬಾಲಕ ಭೀಮಸೇನ ಜೋಶಿಯವರು ಅಂಗಡಿಯೊಂದರಲ್ಲಿ ಖಾನ್ ಸಾಹೇಬರ ತಟ್ಟೆ ಕೇಳಿಯೇ ಸಂಗೀತದ ಹುಚ್ಚು ಹತ್ತಿಸಿಕೊಂಡು ಮನೆ ಬಿಟ್ಟು ಗುರುವನ್ನು ಹುಡುಕುತ್ತ ಹೋದದ್ದು ಎಲ್ಲರಿಗೂ ಗೊತ್ತು. ಒಂದು ಚೀಟಿ ಅಷ್ಟು ಕೆಲಸ ಮಾಡಬಲ್ಲದು. ಆದರೆ ಇಂದು ಆ ತಟ್ಟೆಗಳನ್ನು ಕಾಯ್ದಿಟ್ಟವರು ಇದ್ದದ್ದರಿಂದಲೇ ನಾವು ಅವನ್ನು ಹೊಸದಾಗಿ, ಇನ್ನೂ ಸ್ವಚ್ಛವಾಗಿ ಕೇಳುತ್ತಿದ್ದೇವೆ ಎಂಬುದನ್ನೂ ಮರೆಯಬಾರದು.

ಕಿಸೆಯ ಚೀಟಿ ಎಷ್ಟು ದೊಡ್ಡದಿರಬೇಕು? ಇದಕ್ಕೆ ಕೆ.ಬಿ.ಪಿ.ಎಸ್. ಎಂಬ ಅಂಕೆ ನೋಡಬೇಕು. ಸೆಕೆಂಡಿಗೆ ಎಷ್ಟು ಮಾಲು ಉಳಿಸುತ್ತಾರೆ ಎಂಬುದರ ಅಳತೆ ಅದು. ಸಿ.ಡಿ.ಯದು 1,411. ಎಂಪಿ3ಯದು 320ರಿಂದ ಕೆಳಕ್ಕೆ ಇಳಿಯುತ್ತದೆ. 32 ಜಿ.ಬಿ.ಯ ಒಂದು ಸಣ್ಣ ಕಾರ್ಡಿನಲ್ಲಿ ವೇವ್ ಸುಮಾರು 50 ತಾಸು, ಫ್ಲ್ಯಾಕ್ ಸುಮಾರು 90 ತಾಸು, 320ರ ಎಂಪಿ3 ಸುಮಾರು 220 ತಾಸು, 128ರದು ಸುಮಾರು 550 ತಾಸು ಹಿಡಿಸುತ್ತದೆ. ಇಂದಿನ ಕಾರ್ಡುಗಳಲ್ಲಿ ಜಾಗಕ್ಕೆ ಕೊರತೆಯಿಲ್ಲ. ಸಂಗೀತಕ್ಕೆ 192ಕ್ಕಿಂತ ಕೆಳಗೆ ಹೋಗಬೇಡಿರಿ, 256 ಇದ್ದರೆ ಒಳ್ಳೆಯದು. ಒಬ್ಬರೇ ಮಾತನಾಡುವ ಪ್ರವಚನಕ್ಕೆ ಮೊನೊದಲ್ಲಿ 64 ಸಾಕು. ಒಂಟಿ ಕಂಠದ ಹಾಡಿಗೆ ಮೊನೊದಲ್ಲಿಯೇ 128 ಇಡಿರಿ.

ಅಂಕೆಯನ್ನು ನಂಬುವುದಕ್ಕಿಂತ ಕಿವಿಯನ್ನು ನಂಬುವವರಿಗೆ ನಮ್ಮ ಮಿರಜದ್ದೇ ಒಂದು ಒರೆಗಲ್ಲು ಉಂಟು, ತಂಬೂರಿ. ಫರೀದಸಾಹೇಬ ಸಿತಾರಮೇಕರರ ಕಾಲದಿಂದ, 19ನೆಯ ಶತಮಾನದಿಂದ, ಮಿರಜದಲ್ಲಿ ಸೋರೆ ಬುರುಡೆಯಿಂದ ಸಿತಾರ-ತಂಬೂರಿಗಳನ್ನು ಮಾಡುತ್ತ ಬಂದಿದ್ದಾರೆ. 2024ರಲ್ಲಿ ಇವೆರಡಕ್ಕೂ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಆ ಕುಶಲಕರ್ಮಿಗಳು ತಂಬೂರಿಯ ಕುದುರೆಯನ್ನು ಕೂದಲೆಳೆಯಷ್ಟು ಉಜ್ಜಿ, ತಂತಿಯ ಕೆಳಗೆ ನೂಲಿನ ಜೀವಾಳ ಸರಿಸಿ ‘ಜವಾರಿ’ ತೆಗೆಯುತ್ತಾರೆ. ನಮ್ಮ ಕಡೆ ಜವಾರಿ ಎಂದರೆ ನಾಟಿ ತಳಿ. ತಂಬೂರಿಯ ಜವಾರಿ ಬೇರೆ. ತಂತಿ ಕುದುರೆಯನ್ನು ಸವರಿ ಸವರಿ ಒಂದು ಸ್ವರದೊಳಗಿಂದ ಹತ್ತು ಸ್ವರಗಳು ಅರಳುವ ಝೇಂಕಾರ ಅದು. ಸಾಣಿಗೆ ಸಣ್ಣದಾದಾಗ ಮೊದಲು ಬಾಡುವುದು ಈ ಅರಳುವಿಕೆಯೇ. ತಂಬೂರಿಯ ಒಂದೇ ತುಣುಕನ್ನು ಫ್ಲ್ಯಾಕಿನಲ್ಲಿ, 128ರಲ್ಲಿ, 64ರಲ್ಲಿ ಮಾಡಿಸಿರಿ. ಯಾವುದು ಯಾವುದೆಂದು ಹೇಳದೆ ಮನೆಯ ಹುಡುಗರು ನುಡಿಸಲಿ, ನೀವು ಕಣ್ಣುಮುಚ್ಚಿ ಕೇಳಿರಿ. ಚೀಲದ ಮೇಲಿನ ಗುರುತು ನೋಡದೆ ಅರಿಸಿನದ ನಮೂನೆ ಪರೀಕ್ಷಿಸುತ್ತೇವಲ್ಲ, ಹಾಗೆ. ಗುರುತಿಸಲಾಗದಿದ್ದರೆ ಆ ಅಳತೆ ನಿಮ್ಮ ಕಿಸೆಗೆ ಸಾಕು. ಒಂದು ಎಚ್ಚರಿಕೆ ಮಾತ್ರ: ಅರವತ್ತು ದಾಟಿದ ಕಿವಿಗೆ ಮೇಲಿನ ಸ್ವರಗಳು ಕೇಳುವುದು ಕಡಿಮೆ. ಆದ್ದರಿಂದ ಮೊಮ್ಮಕ್ಕಳ ಕಿವಿಯನ್ನೂ ಸಾಕ್ಷಿಗೆ ಕರೆಯಿರಿ. ಆ ಕಿರ್ದಿಯನ್ನು ಮುಂದೆ ಓದಬೇಕಾದವರು ಅವರೇ ತಾನೇ.

ಇನ್ನುಳಿದ ಹೆಸರುಗಳ ಬಗ್ಗೆ ಎರಡೆರಡು ಮಾತು. ಎಎಸಿ ಎಂಬುದು ಎಂಪಿ3ಯ ನಂತರ 1997ರಲ್ಲಿ ಬಂದದ್ದು. ಅದೇ ಜಾಗದಲ್ಲಿ ತುಸು ಹೆಚ್ಚು ಗುಣ ಕೊಡುತ್ತದೆ. ಮೊಬೈಲುಗಳಲ್ಲಿ ನಡೆಯುತ್ತದೆ, ಹಳೆಯ ಅಗ್ಗದ ಪ್ಲೇಯರುಗಳಲ್ಲಿ ನಡೆಯದಿರಬಹುದು. ಓಪಸ್ ಎಂಬುದು 2012ರದು. ವಾಟ್ಸಾಪಿನಲ್ಲಿ ನೀವು ಕಳಿಸುವ ಧ್ವನಿಸಂದೇಶ ಇದರಲ್ಲಿಯೇ ಇರುತ್ತದೆ. ಹಳೆಯ ಮೊಬೈಲಿನಲ್ಲಿ ಹಿರಿಯರ ಮಾತನ್ನು ಹಿಡಿದದ್ದಿದ್ದರೆ ಅದು ಬಹುಶಃ ಎಎಂಆರ್ ಎಂಬ ಟೆಲಿಫೋನ್ ಗುಣಮಟ್ಟದ ಫೈಲು. ಅದು ಎಷ್ಟೇ ಸಣ್ಣದಾಗಿರಲಿ, ನಿಮ್ಮ ಪಾಲಿಗೆ ಅದೇ ಕಿರ್ದಿ. ಇದ್ದಂತೆಯೇ ಇಡಿರಿ, ಕೇಳಲು ಬೇಕಾದರೆ ಪ್ರತಿ ಮಾಡಿರಿ. ಫ್ಲ್ಯಾಕ್ ಆಂಡ್ರಾಯ್ಡ್ ಮೊಬೈಲುಗಳಲ್ಲಿ ನಡೆಯುತ್ತದೆ, ಐಫೋನಿನಲ್ಲಿ 2017ರಿಂದ ನಡೆಯುತ್ತಿದೆ. ಕಾರಿನ ಸ್ಟೀರಿಯೋ, ದೇವರ ಮನೆಯ ಸಣ್ಣ ಪೆಟ್ಟಿಗೆ, ಬಸ್ಸಿನ ಪ್ಲೇಯರು ಇವೆಲ್ಲವುಗಳಲ್ಲಿ ಕಣ್ಣುಮುಚ್ಚಿ ನಡೆಯುವ ನಾಣ್ಯವೆಂದರೆ ಇಂದಿಗೂ ಎಂಪಿ3ಯೇ. 2017ರಲ್ಲಿ ಅದರ ಪೇಟೆಂಟಿನ ಪರವಾನಗಿ ವ್ಯವಹಾರವೂ ಮುಗಿಯಿತು.

ಈಗ ಕೆಲಸದ ಕ್ರಮ. ಕ್ಯಾಸೆಟ್ಟಿನ ಬೆನ್ನಿನ ಎರಡು ಸಣ್ಣ ಚಕ್ಕೆಗಳನ್ನು ಮುರಿದು ತೆಗೆಯಿರಿ, ಇನ್ನು ಯಾರೂ ಅದರ ಮೇಲೆ ಅಕಸ್ಮಾತ್ತಾಗಿ ಬೇರೆ ಧ್ವನಿ ಹಿಡಿಯಲಾರರು. ಪಟ್ಟಿಯನ್ನು ಒಮ್ಮೆ ಕೊನೆಯವರೆಗೆ ಸುತ್ತಿ ಮತ್ತೆ ಮರಳಿ ಸುತ್ತಿರಿ. ಪ್ಲೇಯರಿನ ಹೆಡ್ಡನ್ನು ಸ್ಪಿರಿಟ್ಟಿನ ಹತ್ತಿಯಿಂದ ಒರೆಸಿರಿ. ಪ್ಲೇಯರಿನಿಂದ ತಂತಿಯನ್ನು ಕಂಪ್ಯೂಟರಿಗೆ ಜೋಡಿಸಿ ಆಡಾಸಿಟಿ ಎಂಬ ಉಚಿತ ಪ್ರೋಗ್ರಾಮಿನಲ್ಲಿ ಹಿಡಿಯಿರಿ. ಅಳತೆ 44,100, 16 ಬಿಟ್. ಧ್ವನಿಯ ಮುಳ್ಳು ಕೆಂಪು ಮುಟ್ಟದಿರಲಿ. ಸೊರಸೊರ ಸದ್ದು ತೆಗೆಯುವ ಆಸೆಗೆ ಮೂಲ ಫೈಲನ್ನು ಮುಟ್ಟಬೇಡಿರಿ, ಸದ್ದಿನ ಜೊತೆ ಧ್ವನಿಯೂ ಸವೆಯುತ್ತದೆ. ಶುದ್ಧಿ ಏನಿದ್ದರೂ ಪ್ರತಿಯ ಮೇಲೆ ನಡೆಯಲಿ. ಫ್ಲ್ಯಾಕ್ ಮಾಡಿ, ಹೆಸರು-ಊರು-ವರ್ಷ ಬರೆದು ಇಡಿರಿ. ಹೆಸರಿಲ್ಲದ ಫೈಲು ಗುರುತಿಲ್ಲದ ಚೀಲವಿದ್ದಂತೆ. ಅಂಗಡಿಗೆ ಕೊಡುವವರು ‘ಮೊದಲು ವೇವ್ ಅಥವಾ ಫ್ಲ್ಯಾಕ್ ಕೊಡಿರಿ, ಎಂಪಿ3 ಆಮೇಲೆ’ ಎಂದು ಚೀಟಿಯಲ್ಲಿ ಬರೆದೇ ಕೊಡಿರಿ. ಪೆನ್ ಡ್ರೈವಿಗೆ ನೇರ ಎಂಪಿ3 ಮಾಡುವ ಅಗ್ಗದ ಯಂತ್ರಗಳ ಬಗ್ಗೆ ಎಚ್ಚರವಿರಲಿ. ನಮ್ಮ ಮನೆಯ 23 ಕ್ಯಾಸೆಟ್ಟುಗಳನ್ನು ಹೀಗೆ ಮೊನೊದಲ್ಲಿ ಹಿಡಿದಾಗ ಎಲ್ಲ ಸೇರಿ ಐದು ಜಿ.ಬಿ.ಯೂ ಆಗಲಿಲ್ಲ. ಜಾಗ ಉಳಿಸಲೆಂದು ಸಾಣಿಗೆ ಹಿಡಿಯುವ ಕಾರಣವೇ ಇಲ್ಲ.

ಮುಖ್ಯ ಮಾತು, ಒಂದೇ ಕಡೆ ಇಡಬೇಡಿರಿ. ಹರಿಪುರದ ಹಗೇವುಗಳಲ್ಲಿ ನಮ್ಮ ಹಿರಿಯರು ಅರಿಸಿನವನ್ನು ವರ್ಷಗಟ್ಟಲೆ ಹುಳ ಹತ್ತದಂತೆ ಇಡುತ್ತಿದ್ದರು. ಅದಕ್ಕಿಂತ ಭದ್ರ ಜಾಗವಿಲ್ಲ ಎನ್ನುತ್ತಿದ್ದರು. 2005ರ ಮಹಾಪೂರ ಅವುಗಳಿಗೂ ನುಗ್ಗಿತು. 2019ರ ಆಗಸ್ಟಿನಲ್ಲಿ ಸಾಂಗಲಿಯ ಆಯರ್ವಿನ್ ಸೇತುವೆಯ ಬಳಿ ಕೃಷ್ಣೆ 45 ಅಡಿಯ ಅಪಾಯದ ಮಟ್ಟವನ್ನು ಎಷ್ಟೋ ಅಡಿ ಮೀರಿ ಹರಿದಾಗ, 2021ರಲ್ಲಿ ಮತ್ತೆ ನೀರು ಬಂದಾಗ, ಪೇಠೆಯ ಎಷ್ಟು ಮನೆಗಳ ಕಪಾಟು ತೊಯ್ದವು ಎಂಬುದನ್ನು ಹೇಳಬೇಕಿಲ್ಲ. ಸರಕಿಗೆ ವಿಮೆಯುಂಟು, ತಾಯಿಯ ಕಂಠಕ್ಕೆ ವಿಮೆಯಿಲ್ಲ. ಆದ್ದರಿಂದ ಮನೆಯ ಹಾರ್ಡ್ ಡಿಸ್ಕಿನಲ್ಲಿ ಒಂದು, ಬೆಳಗಾವಿಯಲ್ಲೋ ಹುಬ್ಬಳ್ಳಿಯಲ್ಲೋ ಇರುವ ಮಗಳ ಮನೆಯಲ್ಲಿ ಇನ್ನೊಂದು ಪ್ರತಿ ಇರಲಿ. ಪೆನ್ ಡ್ರೈವ್ ಕೂಡ ಚಿರಂಜೀವಿಯಲ್ಲ. ದೀಪಾವಳಿಗೆ ಹೊಸ ಕಿರ್ದಿ ಪೂಜಿಸುವ ದಿನ ಇದನ್ನೂ ಒಮ್ಮೆ ತೆರೆದು ನುಡಿಯುತ್ತದೆಯೇ ಎಂದು ನೋಡುವ ರೂಢಿ ಇಟ್ಟುಕೊಳ್ಳಿರಿ. ಮೂಲ ಕ್ಯಾಸೆಟ್ಟನ್ನೂ ಎಸೆಯಬೇಡಿರಿ.

ಇನ್ನೊಂದು ವಿಷಯ. ಪೇಠೆಯಲ್ಲಿ ಕೆಲವರು ಸಾವಿರ ಹಾಡು ತುಂಬಿದ ಕಾರ್ಡು ಚಿಲ್ಲರೆ ದುಡ್ಡಿಗೆ ಕೊಡುತ್ತಾರೆ. ನಮ್ಮ ದೇಶದ 1957ರ ಕಾಪಿರೈಟ್ ಕಾಯಿದೆಯಂತೆ ಧ್ವನಿಮುದ್ರಿಕೆಗೆ ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಉಂಟು. ಖಾನ್ ಸಾಹೇಬರ ತಟ್ಟೆಗಳು ಈ ಅವಧಿ ದಾಟಿವೆ, ನಿನ್ನೆಯ ಹಾಡು ದಾಟಿಲ್ಲ. ತೂಕ ಮಾಡಿ ದುಡ್ಡು ಕೊಡುವುದು ವ್ಯಾಪಾರಿಗೆ ಹೊಸದಾಗಿ ಕಲಿಸಬೇಕಾದ ಪಾಠವಲ್ಲ. ಅಂಥ ಕಾರ್ಡುಗಳ ಹಾಡು ಬಹುತೇಕ ಸಾಣಿಗೆಯ ಮೇಲೆ ಸಾಣಿಗೆ ಹಿಡಿದದ್ದೂ ಆಗಿರುತ್ತದೆ.

ಸಿನೆಮಾ ಹಾಡು ಕೆಟ್ಟರೆ ಇನ್ನೊಂದು ಕೊಳ್ಳಬಹುದು. ಖಾನ್ ಸಾಹೇಬರ ಭೈರವಿಯನ್ನು ಕಾಯುವವರು ಜಗತ್ತಿನ ತುಂಬ ಇದ್ದಾರೆ. ನಿಮ್ಮ ಅಜ್ಜಿಯ ಜೋಗುಳವನ್ನು ಕಾಯುವವರು ನಿಮ್ಮ ಮನೆಯವರ ಹೊರತು ಯಾರೂ ಇಲ್ಲ. ಗಡಿಯ ಈಚೆ ಇರುವ ನಮ್ಮ ಮನೆಗಳಲ್ಲಿ ಆ ಕನ್ನಡ, ಆ ರಾಗ, ಆ ಉಚ್ಚಾರ ಉಳಿದಿರುವ ಜಾಗ ಎಷ್ಟೋ ಸಲ ಆ ಒಂದು ಕ್ಯಾಸೆಟ್ಟು ಮಾತ್ರ. ಈ ತಿಂಗಳು ಮೊದಲು ಒಂದೇ ಒಂದು ಕ್ಯಾಸೆಟ್ಟು ಹುಡುಕಿ ತೆಗೆಯಿರಿ, ಅದರ ಕಿರ್ದಿ ಬರೆಯಿರಿ. ಚೀಟಿ ಎಂದು ಬೇಕಾದರೂ ಬರೆದುಕೊಳ್ಳಬಹುದು.